ಮುರುಗಮಲ್ಲ ಸುತ್ತಮುತ್ತ ನೆರವಿನ ಸಂಸ್ಥೆಗಳು: ಯಾರ ಹತ್ರ ಏನು ಸಿಗುತ್ತೆ, ಮೊದಲು ಎಲ್ಲಿಗೆ ಹೋಗಬೇಕು?

ಚಿಂತಾಮಣಿ: ತಾಲ್ಲೂಕಿನ ಮುರುಗಮಲ್ಲಕ್ಕೆ ಬರೋರಲ್ಲಿ ಹೆಚ್ಚಿನವರು ಒಂದಲ್ಲ ಒಂದು ಕಷ್ಟ ಹೊತ್ತುಕೊಂಡೇ ಬರ್ತಾರೆ. ಅಮ್ಮಾಜಾನ್ ಬಾವಾಜಾನ್ ದರ್ಗಾ ಅಂತ ಜನ ಕರೆಯುವ ಹಜರತ್ ಫಖಿ ಷಾ ವಲಿ ದರ್ಗಾಕ್ಕೆ ಕರ್ನಾಟಕದ ಜೊತೆಗೆ ಆಂಧ್ರ, ತಮಿಳುನಾಡಿನಿಂದಲೂ ಜನ ಬರ್ತಾರೆ. ಅದೇ ಊರಿನ ಮುಕ್ತೀಶ್ವರ ದೇವಾಲಯಕ್ಕೂ ಭಕ್ತರು ಕಡಿಮೆ ಇಲ್ಲ. ಮಾತು ಬಾರದ ಮಗು, ನಡೆಯಲಾಗದ ತಂದೆ, ರಾತ್ರಿ ನಿದ್ದೆ ಮಾಡದೆ ಒಬ್ಬನೇ ಮಾತಾಡುವ ಮಗ, ಹೀಗೆ ಮನೆಯವರನ್ನು ಕರ್ಕೊಂಡು ಬಂದವರು ದಾರಿಯಲ್ಲಿ ಅಂಗಡಿ ಮುಂದೆ ನಿಂತು ಕೇಳೋದು ಒಂದೇ: ‘ಅಣ್ಣಾ, ಇಲ್ಲಿ ಇಂಥವರಿಗೆ ಸಹಾಯ ಮಾಡೋರು ಯಾರಾದ್ರೂ ಇದ್ದಾರಾ?’

ಇದ್ದಾರೆ. ಆದರೆ ಅವರ ಕಚೇರಿ ಮುರುಗಮಲ್ಲದಲ್ಲಿಲ್ಲ. ಒಂದು ಸಂಸ್ಥೆ ಶಿಡ್ಲಘಟ್ಟದಲ್ಲಿ, ಇನ್ನೊಂದು ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯಲ್ಲಿ, ಮತ್ತೊಂದು ಬಾಗೇಪಲ್ಲಿಯಲ್ಲಿ, ಉಳಿದವು ಬೆಂಗಳೂರಿನಲ್ಲಿ. ಯಾವ ಕೆಲಸಕ್ಕೆ ಯಾರು ಅಂತ ಗೊತ್ತಿಲ್ಲದೆ ಎಷ್ಟೋ ಕುಟುಂಬಗಳು ಕೂಲಿ ಬಿಟ್ಟು, ಬಸ್ ಚಾರ್ಜ್ ಕಳೆದುಕೊಂಡು ಅಲೆಯುತ್ತವೆ. ಮಧ್ಯವರ್ತಿಗಳ ಕೈಗೆ ದುಡ್ಡು ಕೊಟ್ಟು ಸುಮ್ಮನಾಗುವವರೂ ಉಂಟು. ಮುರುಗಮಲ್ಲ ಹೋಬಳಿ ಹಾಗೂ ಸುತ್ತಲಿನ ತಾಲ್ಲೂಕುಗಳ ಜನ ಇಟ್ಟುಕೊಳ್ಳಬಹುದಾದ ಮಾಹಿತಿ ಇಲ್ಲಿದೆ.

ಮೊದಲ ಮೆಟ್ಟಿಲು ಗ್ರಾಮ ಪಂಚಾಯಿತಿ

ಯಾವ ಸಂಸ್ಥೆಯ ಬಾಗಿಲು ತಟ್ಟಿದರೂ ಅವರು ಕೇಳುವ ಮೊದಲ ಕಾಗದ ಯುಡಿಐಡಿ ಕಾರ್ಡ್. ಅಂದರೆ ಅಂಗವೈಕಲ್ಯದ ವಿಶಿಷ್ಟ ಗುರುತಿನ ಚೀಟಿ. ಇದು ಇಲ್ಲದೆ ಮಾಸಾಶನ, ಬಸ್ ಪಾಸ್, ತ್ರಿಚಕ್ರ ಸೈಕಲ್, ಕಾಲೇಜು ಸೀಟಿನ ಮೀಸಲಾತಿ ಯಾವುದೂ ಸಲೀಸಾಗಿ ಆಗಲ್ಲ. ಹಾಗಾಗಿ ಸಂಸ್ಥೆ ಹುಡುಕೋ ಮುಂಚೆ ಕಾರ್ಡ್ ಮಾಡಿಸಿಕೊಳ್ಳೋದು ಒಳ್ಳೇದು.

ಇದಕ್ಕೆ ಬೆಂಗಳೂರಿಗೆ ಓಡಬೇಕಿಲ್ಲ. ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರ್ತಾರೆ. ಜನ ಇವರನ್ನು ವಿಆರ್‌ಡಬ್ಲ್ಯು ಅಂತಲೇ ಕರೆಯೋದು. ತಾಲ್ಲೂಕು ಪಂಚಾಯಿತಿ ಮಟ್ಟದಲ್ಲಿ ಎಂಆರ್‌ಡಬ್ಲ್ಯು, ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರ್ತಾರೆ. ಈ ಕೆಲಸಕ್ಕೆ ವಿಕಲಚೇತನರನ್ನೇ ನೇಮಿಸುವ ವ್ಯವಸ್ಥೆ ಇರುವುದರಿಂದ ಕಷ್ಟ ಏನು ಅಂತ ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅರ್ಜಿ ತುಂಬೋದು, ವೈದ್ಯಕೀಯ ತಪಾಸಣೆಗೆ ದಿನ ಯಾವಾಗ ಅಂತ ತಿಳಿಸೋದು, ಯಾವ ಸಂಸ್ಥೆ ಎಲ್ಲಿ ಶಿಬಿರ ಮಾಡ್ತಿದೆ ಅಂತ ಹೇಳೋದು ಇವರ ಕೆಲಸ.

ಆಧಾರ್, ಫೋಟೊ, ವಿಳಾಸದ ದಾಖಲೆ, ಮೊದಲೇ ಇದ್ದರೆ ಆಸ್ಪತ್ರೆ ಚೀಟಿಗಳು, ಇಷ್ಟು ಸಾಕು. ಅರ್ಜಿ ಆನ್‌ಲೈನ್‌ನಲ್ಲಿ ಹೋಗುತ್ತೆ, ಆಮೇಲೆ ನಿಗದಿಪಡಿಸಿದ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ. ಕಾರ್ಡ್ ಬಣ್ಣ ನೋಡಿದರೆ ಶೇಕಡಾವಾರು ಗೊತ್ತಾಗುತ್ತೆ: ಶೇ 40ಕ್ಕಿಂತ ಕಡಿಮೆ ಇದ್ದರೆ ಬಿಳಿ, ಶೇ 40ರಿಂದ 80ರೊಳಗೆ ಹಳದಿ, ಶೇ 80 ಮತ್ತು ಮೇಲೆ ನೀಲಿ. ಕಾರ್ಡ್‌ಗೆ ಶುಲ್ಕ ಇಲ್ಲ. ‘ಇಷ್ಟು ಕೊಟ್ರೆ ಪರ್ಸೆಂಟೇಜ್ ಜಾಸ್ತಿ ಮಾಡಿಸ್ತೀನಿ’ ಅಂತ ಬರುವವರ ಮಾತು ನಂಬಬಾರದು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಹಿಂದೆ 7 ಬಗೆಯ ಅಂಗವೈಕಲ್ಯಕ್ಕೆ ಮಾತ್ರ ಮಾನ್ಯತೆ ಇತ್ತು, ಈಗ 21. ಮಾನಸಿಕ ಕಾಯಿಲೆ, ಆಟಿಸಂ, ಕಲಿಕಾ ನ್ಯೂನತೆ, ತಲಸ್ಸೀಮಿಯಾ, ಹಿಮೋಫಿಲಿಯಾ, ಆ್ಯಸಿಡ್ ದಾಳಿಗೆ ಒಳಗಾದವರು ಎಲ್ಲರೂ ಇದರಲ್ಲಿ ಸೇರ್ತಾರೆ. ಕೈಕಾಲು ಸರಿ ಇದೆ, ನಮಗೆ ಕಾರ್ಡ್ ಸಿಗಲ್ಲ ಅಂತ ಮನೆಯಲ್ಲೇ ಉಳಿದವರು ಒಮ್ಮೆ ವಿಚಾರಿಸಬೇಕು.

ಕಾರ್ಡ್ ಬಂದ ಮೇಲೆ ಶೇ 40ರಿಂದ 74ರಷ್ಟು ಅಂಗವೈಕಲ್ಯ ಇರುವವರಿಗೆ ತಿಂಗಳಿಗೆ 800 ರೂ., ಶೇ 75 ಮತ್ತು ಮೇಲ್ಪಟ್ಟವರಿಗೆ 1,400 ರೂ. ಮಾಸಾಶನದ ದರ ಇದೆ. ಆದಾಯದ ಷರತ್ತು ಅನ್ವಯ. ಅರ್ಜಿ ಹೋಬಳಿಯ ನಾಡಕಚೇರಿಯಲ್ಲೇ ಕೊಡಬಹುದು. ಕೆಎಸ್‌ಆರ್‌ಟಿಸಿ ರಿಯಾಯಿತಿ ಪಾಸ್‌ಗೆ ವರ್ಷಕ್ಕೆ 660 ರೂ., ವಾಸಸ್ಥಳದಿಂದ 100 ಕಿ.ಮೀ.ವರೆಗೆ ಓಡಾಡಬಹುದು. ಮುರುಗಮಲ್ಲದವರಿಗೆ ಇದೇ ದೊಡ್ಡ ಅನುಕೂಲ. ಯಾಕಂದರೆ ಬೆಂಗಳೂರು ಈ 100 ಕಿ.ಮೀ. ಒಳಗೇ ಬರುತ್ತೆ. ಮುಂದೆ ಹೇಳುವ ಸಂಸ್ಥೆಗಳಲ್ಲಿ ಅರ್ಧಕ್ಕರ್ಧ ಇರೋದು ಅಲ್ಲೇ.

ಸ್ಥಳೀಯ ಸಂಸ್ಥೆಗಳು ತಮ್ಮ ಅನುದಾನದಲ್ಲಿ ಶೇ 5ರಷ್ಟನ್ನು ವಿಕಲಚೇತನರಿಗೆ ಮೀಸಲಿಡಬೇಕು ಅನ್ನೋ ನಿಯಮವೂ ಇದೆ. ಅದು ಈ ವರ್ಷ ಏನಕ್ಕೆ ಖರ್ಚಾಯ್ತು ಅಂತ ಗ್ರಾಮಸಭೆಯಲ್ಲಿ ಕೇಳುವ ಹಕ್ಕು ಊರಿನ ಎಲ್ಲರಿಗೂ ಇದೆ.

ಮಾನಸಿಕ ಆರೋಗ್ಯ: ದುವಾ ಇರಲಿ, ಜೊತೆಗೆ ದವಾ ಇರಲಿ

ಮುರುಗಮಲ್ಲದ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ ವಿಷಯ. ಮನಸ್ಸಿನ ಕಾಯಿಲೆ ಇರುವವರನ್ನು ಗಾಳಿ ಸೋಕಿದೆ, ಯಾರೋ ಮಾಡಿಸಿದ್ದಾರೆ ಅಂತ ಕರ್ಕೊಂಡು ಬರೋದು ಹಿಂದಿನಿಂದಲೂ ನಡೆದುಬಂದಿದೆ. ಹರಕೆ, ನಂಬಿಕೆ ಮನೆಯವರಿಗೆ ಧೈರ್ಯ ಕೊಡುತ್ತೆ, ಅದನ್ನು ಯಾರೂ ಬೇಡ ಅನ್ನಲ್ಲ. ಆದರೆ ಸ್ಕಿಜೋಫ್ರೇನಿಯಾ, ಬೈಪೋಲಾರ್, ಮೂರ್ಛೆ ರೋಗದಂಥವಕ್ಕೆ ಮಾತ್ರೆ ಇದೆ. ತಡ ಮಾಡಿದಷ್ಟೂ ಚೇತರಿಕೆ ಕಷ್ಟ ಆಗುತ್ತೆ. ಹರಕೆಗೆ ಬಂದಾಗ ಮಾತ್ರೆ ನಿಲ್ಲಿಸಿದರೆ ಕಾಯಿಲೆ ಮತ್ತೆ ಮರುಕಳಿಸುತ್ತೆ.

ಎರಡನ್ನೂ ಒಟ್ಟಿಗೆ ಮಾಡಬಹುದು ಅಂತ ತೋರಿಸಿಕೊಟ್ಟ ಊರುಗಳಿವೆ. ಗುಜರಾತಿನ ಮೆಹಸಾಣಾ ಜಿಲ್ಲೆಯ ಮೀರಾ ದಾತಾರ್ ದರ್ಗಾದಲ್ಲಿ ‘ಆಲ್ಟ್ರುಯಿಸ್ಟ್’ ಅನ್ನೋ ಸ್ವಯಂಸೇವಾ ಸಂಸ್ಥೆ ಸರ್ಕಾರದ ಜೊತೆ ಸೇರಿ ‘ದವಾ ಮತ್ತು ದುವಾ’ ಕಾರ್ಯಕ್ರಮ ನಡೆಸಿತು. ಅಲ್ಲಿನ ಮುಜಾವರರಿಗೇ ತರಬೇತಿ ಕೊಟ್ಟು, ಪ್ರಾರ್ಥನೆಗೆ ಬಂದವರನ್ನು ಅವರೇ ಮನೋವೈದ್ಯರ ಬಳಿಗೆ ಕಳಿಸುವಂತೆ ಮಾಡಿದರು. ಮುಜಾವರರು ಹೇಳಿದ ಮಾತನ್ನು ಜನ ಕೇಳ್ತಾರೆ ಅನ್ನೋದೇ ಅದರ ಹಿಂದಿನ ಲೆಕ್ಕ.

ಇದಕ್ಕೆ ತದ್ವಿರುದ್ಧವಾದ ಘಟನೆ ತಮಿಳುನಾಡಿನ ಎರವಾಡಿಯದು. 2001ರ ಆಗಸ್ಟ್ 6ರ ಬೆಳಗಿನ ಜಾವ ದರ್ಗಾ ಬಳಿಯ ಖಾಸಗಿ ಮಾನಸಿಕ ಕೇಂದ್ರವೊಂದರ ಗುಡಿಸಿಲಿಗೆ ಬೆಂಕಿ ಬಿತ್ತು. ಒಳಗಿದ್ದವರನ್ನು ಸರಪಳಿಯಲ್ಲಿ ಕಟ್ಟಿಹಾಕಿದ್ದರಿಂದ ಓಡಲಾಗದೆ 28 ಮಂದಿ ಸತ್ತರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 95ನೇ ಸೆಕ್ಷನ್ ಪ್ರಕಾರ ಮಾನಸಿಕ ಕಾಯಿಲೆ ಇರುವವರನ್ನು ಯಾವ ರೀತಿಯಲ್ಲೂ ಸರಪಳಿಯಿಂದ ಕಟ್ಟುವಂತಿಲ್ಲ. ಮಾನಸಿಕ ಕಾಯಿಲೆ ಇರುವವರನ್ನು ಇಟ್ಟುಕೊಂಡು ಆರೈಕೆ ಮಾಡುವ ಕೇಂದ್ರಗಳು ನೋಂದಣಿ ಮಾಡಿಸಲೇಬೇಕು.

ನಮ್ಮ ಜಿಲ್ಲೆಯವರಿಗೆ ಹತ್ತಿರದ ದಾರಿಗಳು ಹೀಗಿವೆ:

ತಾಲ್ಲೂಕು ಆಸ್ಪತ್ರೆ: ರಾಜ್ಯ ಸರ್ಕಾರದ ‘ಮನೋಚೈತನ್ಯ’ ಕಾರ್ಯಕ್ರಮ 2014ರಲ್ಲಿ ಶುರುವಾಯಿತು. ಇದರಡಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಬರುವ ವ್ಯವಸ್ಥೆ ಇದೆ. ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆ ಅಥವಾ ಆಸ್ಪತ್ರೆಯಲ್ಲಿ ಮೊದಲೇ ಕೇಳಿಕೊಂಡು ಹೋದರೆ ಒಂದು ದಿನದ ಕೂಲಿ ಉಳಿಯುತ್ತೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಜಿಲ್ಲಾ ಮಟ್ಟದಲ್ಲಿ ಕೆಲಸ ಮಾಡುತ್ತೆ.

ಶಿಡ್ಲಘಟ್ಟದ ರಿಚ್ಮಂಡ್ ಫೆಲೋಶಿಪ್ ಸೊಸೈಟಿ: ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರ ಪುನರ್ವಸತಿಗೇ ಮೀಸಲಾದ ಸ್ವಯಂಸೇವಾ ಸಂಸ್ಥೆ ಇದು. ಬೆಂಗಳೂರಿನಲ್ಲಿ ಹಲವು ವರ್ಷಗಳಿಂದ ಪುನರ್ವಸತಿ ಕೇಂದ್ರ ನಡೆಸುತ್ತಿರುವ ಇವರು ಗ್ರಾಮೀಣ ಭಾಗಕ್ಕೆ ಅಂತಲೇ ಶಿಡ್ಲಘಟ್ಟದಲ್ಲಿ ಶಾಖೆ ಮಾಡಿದ್ದಾರೆ. ಮಾತ್ರೆಯಿಂದ ರೋಗ ಹತೋಟಿಗೆ ಬಂದ ಮೇಲೂ ಒಬ್ಬ ಮನುಷ್ಯ ಎದ್ದು ಸ್ನಾನ ಮಾಡಿ, ನಾಲ್ಕು ಜನರ ಜೊತೆ ಬೆರೆತು, ಒಂದು ಕೆಲಸ ಕಲಿಯೋದಕ್ಕೆ ಆಸರೆ ಬೇಕಾಗುತ್ತೆ. ಪುನರ್ವಸತಿ ಅಂದರೆ ಇದೇ.

ನಿಮ್ಹಾನ್ಸ್ ಮತ್ತು ಟೆಲಿ ಮಾನಸ್: ತೀವ್ರ ಸ್ಥಿತಿ ಇದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತುರ್ತು ಚಿಕಿತ್ಸೆ ದಿನದ 24 ಗಂಟೆಯೂ ಇದೆ. ಹೋಗೋಕೆ ಆಗದವರು ಮೊದಲು 14416ಕ್ಕೆ ಫೋನ್ ಮಾಡಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಉಚಿತ ಸೇವೆಯಲ್ಲಿ ಕನ್ನಡ, ತೆಲುಗು, ಉರ್ದು ಮಾತಾಡುವವರಿಗೂ ಸಲಹೆ ಸಿಗುತ್ತೆ.

ಗಡಿ ಭಾಗದ ನಮ್ಮ ಊರುಗಳಲ್ಲಿ ಮನೆಮಾತು ತೆಲುಗು, ಉರ್ದು ಆಗಿರೋದು ಜಾಸ್ತಿ. ರೋಗಿಯ ಜೊತೆ ಅವರ ಭಾಷೆ ಬಲ್ಲ, ಕಾಯಿಲೆ ಯಾವಾಗ ಶುರುವಾಯಿತು ಅಂತ ಹೇಳಬಲ್ಲ ಒಬ್ಬರು ಹೋಗಬೇಕು. ಹಳೇ ಮಾತ್ರೆ ಪಟ್ಟಿ ಎಸೆಯದೆ ತೆಗೆದುಕೊಂಡು ಹೋಗಬೇಕು.

ಆಸ್ಪತ್ರೆ, ಕಣ್ಣು, ಹೃದಯ, ಕ್ಷಯ

ಕೈವಾರ: ತಾಲ್ಲೂಕಿನೊಳಗೇ ಇರುವ ಕೈವಾರದಲ್ಲಿ ಬೆಂಗಳೂರಿನ ಎಂ.ಎಸ್. ರಾಮಯ್ಯ ವೈದ್ಯಕೀಯ ಕಾಲೇಜಿನ ಗ್ರಾಮೀಣ ಆರೋಗ್ಯ ತರಬೇತಿ ಕೇಂದ್ರ ಇದೆ. ಇಲ್ಲಿಗೆ ಕಾಲೇಜಿನ ವೈದ್ಯರು, ವಿದ್ಯಾರ್ಥಿಗಳು ಬರ್ತಾರೆ. ದೊಡ್ಡ ತೊಂದರೆ ಕಂಡುಬಂದರೆ ಮುಂದಕ್ಕೆ ಎಲ್ಲಿ ತೋರಿಸಬೇಕು ಅಂತ ಇಲ್ಲೇ ಕೇಳಬಹುದು.

ಮುದ್ದೇನಹಳ್ಳಿ: ಸರ್ ಎಂ. ವಿಶ್ವೇಶ್ವರಯ್ಯನವರ ಊರಾದ ಮುದ್ದೇನಹಳ್ಳಿಯ ಸತ್ಯಸಾಯಿ ಗ್ರಾಮದಲ್ಲಿ ಶ್ರೀ ಸತ್ಯಸಾಯಿ ಸರಳಾ ಸ್ಮಾರಕ ಆಸ್ಪತ್ರೆ ಇದೆ. ಚಿಕಿತ್ಸೆ ಉಚಿತ. ಅದೇ ಆವರಣದ ಶ್ರೀ ಮಧುಸೂದನ ಸಾಯಿ ವೈದ್ಯಕೀಯ ವಿಜ್ಞಾನ ಸಂಸ್ಥೆಯನ್ನು 2023ರ ಮಾರ್ಚ್ 25ರಂದು ಪ್ರಧಾನಿ ನರೇಂದ್ರ ಮೋದಿ ಉದ್ಘಾಟಿಸಿದ್ದರು. ಅಲ್ಲಿ ವೈದ್ಯಕೀಯ ಶಿಕ್ಷಣವೂ ಉಚಿತ.

ಪುಟ್ಟಪರ್ತಿ ಮತ್ತು ವೈಟ್‌ಫೀಲ್ಡ್: ಪುಟ್ಟಪರ್ತಿಯ ಪ್ರಶಾಂತಿಗ್ರಾಮದಲ್ಲಿ 1991ರ ನವೆಂಬರ್‌ನಲ್ಲಿ, ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ 2001ರ ಜನವರಿಯಲ್ಲಿ ಶುರುವಾದ ಸತ್ಯಸಾಯಿ ಉನ್ನತ ವೈದ್ಯಕೀಯ ಸಂಸ್ಥೆಗಳಲ್ಲಿ ಹೃದಯ ಶಸ್ತ್ರಚಿಕಿತ್ಸೆಯಂಥ ದೊಡ್ಡ ಚಿಕಿತ್ಸೆಗಳೂ ಉಚಿತ. ಇವುಗಳ ಆಡಳಿತ ಬೇರೆ, ಮುದ್ದೇನಹಳ್ಳಿಯ ಸಂಸ್ಥೆಗಳ ಆಡಳಿತ ಬೇರೆ. ಹೆಸರು ಒಂದೇ ಥರ ಇರುವುದರಿಂದ ಒಂದು ಕಡೆಯ ಚೀಟಿ ತೆಗೆದುಕೊಂಡು ಇನ್ನೊಂದು ಕಡೆ ಹೋಗಿ ವಾಪಸ್ ಬರುವ ಸಾಧ್ಯತೆ ಇದೆ. ಹೊರಡುವ ಮೊದಲು ಯಾವ ಆಸ್ಪತ್ರೆ ಅಂತ ಖಾತ್ರಿ ಮಾಡಿಕೊಳ್ಳಿ.

ಕಣ್ಣಿನ ಪೊರೆ: ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಸ್ವಯಂಸೇವಾ ಆಸ್ಪತ್ರೆಗಳಿಗೆ ಪೊರೆ ಶಸ್ತ್ರಚಿಕಿತ್ಸೆಗೆ ಸರ್ಕಾರವೇ ಅನುದಾನ ಕೊಡುತ್ತೆ. ಬೆಂಗಳೂರಿನ ಶಂಕರ ಕಣ್ಣಿನ ಆಸ್ಪತ್ರೆಯಂಥ ಸಂಸ್ಥೆಗಳು ಹಳ್ಳಿಯಲ್ಲಿ ಶಿಬಿರ ಮಾಡಿ, ಪೊರೆ ಇದ್ದವರನ್ನು ವಾಹನದಲ್ಲಿ ಕರ್ಕೊಂಡು ಹೋಗಿ, ಆಪರೇಷನ್ ಮಾಡಿ, ವಾಪಸ್ ತಂದುಬಿಡ್ತವೆ. ಶಿಬಿರಕ್ಕೆ ಹೋಗುವ ಸಕ್ಕರೆ ಕಾಯಿಲೆ, ಬಿಪಿ ಇರುವವರು ಮಾತ್ರೆಯ ಚೀಟಿ ಒಯ್ಯದಿದ್ದರೆ ಆ ದಿನ ಆಪರೇಷನ್ ಮುಂದಕ್ಕೆ ಹೋಗಬಹುದು.

ಸೀಳು ತುಟಿ, ಸೊಟ್ಟ ಪಾದ: ಹುಟ್ಟಿದ ಮಗುವಿಗೆ ಸೀಳು ತುಟಿ ಇದ್ದರೆ ‘ಸ್ಮೈಲ್ ಟ್ರೇನ್’ ಸಂಸ್ಥೆಯ ಜೊತೆಗಿರುವ ಬೆಂಗಳೂರಿನ ಆಸ್ಪತ್ರೆಗಳಲ್ಲಿ ಉಚಿತ ಶಸ್ತ್ರಚಿಕಿತ್ಸೆ ಇದೆ. ಪಾದ ಒಳಕ್ಕೆ ತಿರುಗಿದ್ದರೆ ಮೊದಲ ವಾರಗಳಲ್ಲೇ ಪಟ್ಟಿ ಹಾಕಿಸಲು ಶುರು ಮಾಡಿದರೆ ಹೆಚ್ಚಿನ ಮಕ್ಕಳಿಗೆ ದೊಡ್ಡ ಆಪರೇಷನ್ ಇಲ್ಲದೆಯೇ ಸರಿ ಹೋಗುತ್ತೆ. ‘ದೊಡ್ಡವನಾದ ಮೇಲೆ ನೋಡೋಣ’ ಅನ್ನೋದೇ ಇಲ್ಲಿ ಆಗುವ ತಪ್ಪು. ಅಂಗನವಾಡಿ, ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡಕ್ಕೆ ಮಗುವನ್ನು ತೋರಿಸಿದರೆ ಅವರೇ ಮುಂದಕ್ಕೆ ಕಳಿಸ್ತಾರೆ. 18 ವರ್ಷದವರೆಗೆ ಈ ಸೌಲಭ್ಯ ಇದೆ.

ಕ್ಷಯ: ಈ ಭಾಗದ ಕ್ಷಯ ರೋಗಿಗಳಿಗೆ ಗಡಿಯಾಚೆಯ ಮದನಪಲ್ಲಿ ಹತ್ತಿರದ ಆರೋಗ್ಯವರಂ ಗೊತ್ತಿರುವ ಹೆಸರು. ಮಿಷನರಿಗಳು 1915ರಲ್ಲಿ ಅಲ್ಲಿ ಸ್ಯಾನಟೋರಿಯಂ ತೆರೆದಿದ್ದರು. ಈಗ ಕ್ಷಯಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮಾತ್ರೆ ಉಚಿತ, ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1,000 ರೂ. ಖಾತೆಗೆ ಬರುತ್ತೆ. 2024ರ ನವೆಂಬರ್‌ವರೆಗೆ ಇದು 500 ರೂ. ಇತ್ತು. ಅಂಗಡಿ, ಮಂಡಿ ಮಾಲೀಕರು, ಯುವಕರ ಸಂಘದವರು ‘ನಿಕ್ಷಯ ಮಿತ್ರ’ ಆಗಿ ಹೆಸರು ನೋಂದಾಯಿಸಿ ಒಬ್ಬ ರೋಗಿಗೆ ಕನಿಷ್ಠ 6 ತಿಂಗಳು ಬೇಳೆ, ಎಣ್ಣೆ, ಕಡಲೆಬೀಜದ ಕಿಟ್ ಕೊಡಬಹುದು. ಟ್ರಸ್ಟ್ ಕಟ್ಟದೆಯೇ ಸೇವೆ ಮಾಡೋಕೆ ಇದು ಸುಲಭದ ದಾರಿ.

ಇದರ ಜೊತೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲು ತೋರಿಸಿ, ಅಲ್ಲಿ ಆಗದಿದ್ದರೆ ರೆಫರಲ್ ಚೀಟಿ ಪಡೆದೇ ಖಾಸಗಿ ಆಸ್ಪತ್ರೆಗೆ ಹೋಗಬೇಕು. ತುರ್ತು ಸಂದರ್ಭದಲ್ಲಿ ಮಾತ್ರ ವಿನಾಯಿತಿ.

ಅಂಗವೈಕಲ್ಯ: ಯಾವ ತೊಂದರೆಗೆ ಯಾವ ಸಂಸ್ಥೆ?

ಕೃತಕ ಕಾಲು, ಕ್ಯಾಲಿಪರ್, ಗಾಲಿಕುರ್ಚಿ: ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ಮೊಬಿಲಿಟಿ ಇಂಡಿಯಾ 1994ರಿಂದ ಇದೇ ಕೆಲಸದಲ್ಲಿದೆ. ಗಾಲಿಕುರ್ಚಿಯನ್ನು ಅಳತೆ ನೋಡಿ ಹೊಂದಿಸಿ ಕೊಡ್ತಾರೆ. ಅಳತೆ ಇಲ್ಲದೆ ಹಂಚಿದ ಕುರ್ಚಿ ಬೆನ್ನಿಗೆ ಹುಣ್ಣು ತರಿಸಿ ಮೂಲೆ ಸೇರೋದೇ ಜಾಸ್ತಿ.

ತರಬೇತಿ, ಚಿಕಿತ್ಸೆ, ಕೆಲಸ: ಲಿಂಗರಾಜಪುರದ ಎಪಿಡಿ, ಅಂದರೆ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ, 1959ರಲ್ಲಿ ಎನ್.ಎಸ್. ಹೇಮಾ ಅವರು ಕಟ್ಟಿದ ಸಂಸ್ಥೆ. ಚಿಕ್ಕ ಮಕ್ಕಳ ಥೆರಪಿ, ಬೆನ್ನುಹುರಿ ಪೆಟ್ಟಾದವರ ಪುನರ್ವಸತಿ, ಯುವಕರಿಗೆ ತೋಟಗಾರಿಕೆ ಮತ್ತಿತರ ತರಬೇತಿ ಇಲ್ಲಿದೆ. ಮರದಿಂದ, ಕಟ್ಟಡದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವರು ಹಾಸಿಗೆಯಲ್ಲೇ ಉಳಿಯದೆ ಇಂಥ ಕಡೆ ವಿಚಾರಿಸಬೇಕು. ಕೋರಮಂಗಲದ ಎನೇಬಲ್ ಇಂಡಿಯಾ 1999ರಿಂದ ಉದ್ಯೋಗದ ಮೇಲೆ ಗಮನ ಇಟ್ಟಿದೆ.

ದೃಷ್ಟಿ ಇಲ್ಲದವರಿಗೆ: 1990ರಲ್ಲಿ ಶುರುವಾದ ಮಿತ್ರ ಜ್ಯೋತಿ, 1997ರಲ್ಲಿ ಮಹಾಂತೇಶ್ ಮತ್ತು ನಾಗೇಶ್ ಕಟ್ಟಿದ ಸಮರ್ಥನಂ, ಎರಡೂ ಬೆಂಗಳೂರಿನಲ್ಲಿವೆ. ಕಂಪ್ಯೂಟರ್ ತರಬೇತಿ, ಓದುವವರಿಗೆ ಆಡಿಯೊ ಪುಸ್ತಕ, ಹಾಸ್ಟೆಲ್, ಕೆಲಸ ಹುಡುಕಲು ನೆರವು ಸಿಗುತ್ತೆ. ಎರಡೂ ಸಂಸ್ಥೆ ಕಟ್ಟಿದವರಲ್ಲಿ ದೃಷ್ಟಿ ಇಲ್ಲದವರೇ ಇದ್ದಾರೆ.

ಸೆರೆಬ್ರಲ್ ಪಾಲ್ಸಿ, ಆಟಿಸಂ, ಬುದ್ಧಿಮಾಂದ್ಯತೆ: ಇಂದಿರಾನಗರದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ 1982ರಿಂದ ಇದೆ. ವಾರವಾರ ಬೆಂಗಳೂರಿಗೆ ಹೋಗೋಕೆ ಆಗಲ್ಲ ಅನ್ನೋರು ಇಂಥ ಕಡೆ ಒಂದೆರಡು ಸಲ ಹೋಗಿ, ಮನೆಯಲ್ಲಿ ಮಾಡಿಸಬೇಕಾದ ವ್ಯಾಯಾಮ ಕಲಿತು ಬರಬಹುದು. ಆ ವ್ಯಾಯಾಮ ದಿನಾ ಮಾಡಿಸೋದು ತಾಯಿಯೊಬ್ಬಳ ಪಾಡಾಗದೆ ಮನೆಯ ಇನ್ನೊಬ್ಬರೂ ಕಲಿತರೆ ಮಗುವಿಗೆ ಒಳ್ಳೇದು.

ಈ ಮಕ್ಕಳಿಗೆ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ‘ನಿರಾಮಯ’ ಆರೋಗ್ಯ ವಿಮೆ ಇದೆ. ವರ್ಷಕ್ಕೆ 1 ಲಕ್ಷ ರೂ.ವರೆಗೆ ವೆಚ್ಚ ಭರಿಸುತ್ತೆ. ಥೆರಪಿ, ಹೊರರೋಗಿ ಚಿಕಿತ್ಸೆಯ ಖರ್ಚೂ ಇದರಲ್ಲಿ ಬರೋದು ವಿಶೇಷ. ನ್ಯಾಸದಲ್ಲಿ ನೋಂದಾಯಿತ ಸ್ವಯಂಸೇವಾ ಸಂಸ್ಥೆಯ ಮೂಲಕವೇ ಅರ್ಜಿ ಹಾಕಬೇಕು. ಅದೇ ಮಗು 18 ದಾಟಿದ ಮೇಲೆ ಬ್ಯಾಂಕ್ ಖಾತೆ, ಜಮೀನಿನ ವಿಚಾರದಲ್ಲಿ ತಂದೆ ತಾಯಿ ಸಹಿ ತಾನಾಗೇ ನಡೆಯಲ್ಲ. ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಕೊಟ್ಟು ಕಾನೂನು ಪಾಲಕರ ನೇಮಕ ಮಾಡಿಸಿಕೊಳ್ಳಬೇಕು. ‘ನಾವು ಹೋದ ಮೇಲೆ ಈ ಮಗು ಗತಿ ಏನು’ ಅನ್ನುವ ಹೆತ್ತವರು ಮೊದಲು ಮಾಡಿಸಬೇಕಾದ ಕಾಗದ ಇದು.

ಶಿಕ್ಷಣ: ಶಾಲೆಯ ಮೊಟ್ಟೆಯಿಂದ ಕಾಲೇಜಿನ ಫೀಸ್‌ವರೆಗೆ

ಸರ್ಕಾರಿ ಶಾಲೆಗೆ ಹೋಗುವ ಮಗು ದಿನಾ ಎರಡು ಸಂಸ್ಥೆಗಳ ನೆರವು ಪಡೀತಿದೆ ಅಂತ ಎಷ್ಟೋ ಪೋಷಕರಿಗೆ ಗೊತ್ತಿಲ್ಲ. ಹಾಲಿನ ಜೊತೆ ಕೊಡುವ ರಾಗಿ ಹೆಲ್ತ್ ಮಿಕ್ಸ್ ಮುದ್ದೇನಹಳ್ಳಿಯ ಸತ್ಯಸಾಯಿ ಅನ್ನಪೂರ್ಣ ಟ್ರಸ್ಟ್ ಸಹಯೋಗದ್ದು. 2024ರ ಫೆಬ್ರವರಿಯಲ್ಲಿ ರಾಜ್ಯದಾದ್ಯಂತ ಶುರುವಾಯಿತು. ವಾರಕ್ಕೆ ಎರಡು ದಿನ ಇದ್ದ ಮೊಟ್ಟೆ ಆರು ದಿನಕ್ಕೆ ಏರಿದ್ದು ಅಜೀಂ ಪ್ರೇಮ್‌ಜಿ ಫೌಂಡೇಶನ್ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂ. ಕೊಡಲು 2024ರಲ್ಲಿ ಒಪ್ಪಿದ ಮೇಲೆ. ನಿಮ್ಮೂರ ಶಾಲೆಯಲ್ಲಿ ಇವು ಸರಿಯಾಗಿ ಸಿಗ್ತಿವೆಯಾ ಅಂತ ನೋಡೋ ಕೆಲಸ ಎಸ್‌ಡಿಎಂಸಿಯದು, ಪೋಷಕರದು.

ಸರ್ಕಾರಿ ಶಾಲೆ, ಕಾಲೇಜಿನಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿ ಪದವಿ ಅಥವಾ ಡಿಪ್ಲೊಮಾಗೆ ಸೇರುವ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ವಿದ್ಯಾರ್ಥಿವೇತನ ವರ್ಷಕ್ಕೆ 30,000 ರೂ. ಇದೆ. ಅರ್ಜಿ ಆನ್‌ಲೈನ್, ಶುಲ್ಕ ಇಲ್ಲ. ಕಾಲೇಜು ಬಿಡಿಸೋ ಮುಂಚೆ ಮನೆಯವರು ಇದನ್ನೊಮ್ಮೆ ವಿಚಾರಿಸಲಿ. ಈ ಭಾಗದಲ್ಲಿ ಓದು ನಿಲ್ಲೋದು ಮಾರ್ಕ್ಸ್ ಕಮ್ಮಿ ಬಂತು ಅಂತಲ್ಲ, ಬಸ್ಸಿಗೆ, ಫೀಸಿಗೆ ದುಡ್ಡಿಲ್ಲ ಅಂತ.

ಗೌರಿಬಿದನೂರು ಕಡೆಯವರಿಗೆ ನ್ಯಾಷನಲ್ ಕಾಲೇಜು ಗೊತ್ತೇ ಇದೆ. ಆ ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಓದೋದಕ್ಕೆ ಅಂತ ಬೆಂಗಳೂರಿಗೆ ನಡೆದುಕೊಂಡೇ ಹೋದವರು. ಆಮೇಲೆ ನ್ಯಾಷನಲ್ ಎಜುಕೇಷನ್ ಸೊಸೈಟಿ ಮೂಲಕ ಗೌರಿಬಿದನೂರು, ಬಾಗೇಪಲ್ಲಿಯಲ್ಲಿ ಕಾಲೇಜು, ಹೊಸೂರಿನಲ್ಲಿ ಹೈಸ್ಕೂಲು ಬರುವಂತೆ ಮಾಡಿದರು. ತನ್ನ ಹಾಗೆ ಇನ್ನೊಬ್ಬ ಹುಡುಗ ನಡೆಯಬಾರದು ಅನ್ನೋದಕ್ಕೆ ಊರಿಗೇ ಕಾಲೇಜು ತಂದ ಹಾಗಾಯ್ತು.

ಬಾಗೇಪಲ್ಲಿಯ ಅಡಾಟ್ಸ್ ಸಂಸ್ಥೆ 1977ರಿಂದ ಕೂಲಿಕಾರ್ಮಿಕ ಕುಟುಂಬಗಳ ಜೊತೆ ಕೆಲಸ ಮಾಡ್ತಿದೆ. ಕೂಲಿ ಸಂಘ ಬಾಗೇಪಲ್ಲಿ ಜೊತೆಗೆ ಗುಡಿಬಂಡೆ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ತಾಲ್ಲೂಕುಗಳ ಹಳ್ಳಿಗಳಿಗೂ ಹರಡಿದೆ. ಮಕ್ಕಳ ಓದು, ಮಹಿಳೆಯರ ಉಳಿತಾಯ, ಮನೆಗೊಂದು ಗೋಬರ್ ಗ್ಯಾಸ್ ಇದರ ಕೆಲಸಗಳು. ಹೊಗೆ ಇಲ್ಲದ ಅಡುಗೆಮನೆ ಕೂಡ ಆರೋಗ್ಯದ ವಿಚಾರವೇ.

ಶಾಲೆಗೆ ಬರಲಾಗದಷ್ಟು ತೀವ್ರ ಅಂಗವೈಕಲ್ಯ ಇರುವ ಮಗುವಿಗೆ ಮನೆ ಆಧಾರಿತ ಶಿಕ್ಷಣ ಇದೆ. ಬಿಇಒ ಕಚೇರಿಗೆ ಸೇರಿದ ಸಂಪನ್ಮೂಲ ಕೇಂದ್ರದಲ್ಲಿ ಬಿಐಇಆರ್‌ಟಿ ಅನ್ನೋ ವಿಶೇಷ ಶಿಕ್ಷಕರು ಇರ್ತಾರೆ, ಅವರನ್ನು ಕೇಳಬೇಕು. ಶೇ 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಕಾನೂನಿನ ಹಕ್ಕು. ‘ಇಂಥ ಮಗೂನ ನಾವು ಸೇರಿಸಿಕೊಳ್ಳಲ್ಲ’ ಅಂತ ಸರ್ಕಾರಿ ಅಥವಾ ಅನುದಾನಿತ ಶಾಲೆ ಹೇಳುವ ಹಾಗಿಲ್ಲ.

ಅಂಗಡಿಗೆ ದೇಣಿಗೆ ಕೇಳಿ ಬಂದರೆ

ಅಂಗಡಿಯವರ ಬಳಿ ರಸೀದಿ ಪುಸ್ತಕ ಹಿಡಿದು ಬರುವವರು ದಿನಕ್ಕೊಬ್ಬರು. ‘ಅನಾಥ ಮಕ್ಕಳಿಗೆ’, ‘ಅಂಗವಿಕಲರ ಆಶ್ರಮಕ್ಕೆ’ ಅಂದಾಗ ಇಲ್ಲ ಅನ್ನೋಕೆ ಮನಸ್ಸು ಬರಲ್ಲ. ಕೊಡೋ ಮುಂಚೆ ಇಷ್ಟು ನೋಡಿ:

– ಸಂಸ್ಥೆ ಸೊಸೈಟಿಯೋ ಟ್ರಸ್ಟೋ? ಸೊಸೈಟಿ ಆದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ನೋಂದಣಿ ಸಂಖ್ಯೆ ಇರಬೇಕು, ಪ್ರತಿ ವರ್ಷ ಲೆಕ್ಕಪತ್ರ ಸಲ್ಲಿಸಬೇಕು. ಟ್ರಸ್ಟ್ ಆದರೆ ನೋಂದಾಯಿತ ಟ್ರಸ್ಟ್ ಪತ್ರ ಇರುತ್ತೆ.

– ವಿಕಲಚೇತನರನ್ನು ಇಟ್ಟುಕೊಂಡ ಕೇಂದ್ರಕ್ಕೆ 2016ರ ಕಾಯ್ದೆಯಡಿ, ಮಕ್ಕಳನ್ನು ಇಟ್ಟುಕೊಂಡ ಕೇಂದ್ರಕ್ಕೆ ಬಾಲನ್ಯಾಯ ಕಾಯ್ದೆಯಡಿ ಬೇರೆಯದೇ ನೋಂದಣಿ ಕಡ್ಡಾಯ. ಬರೀ ಟ್ರಸ್ಟ್ ಪತ್ರ ಸಾಲದು.

– ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಸಂಸ್ಥೆ ಹೆಸರು ಬರುತ್ತಾ, ವ್ಯಕ್ತಿಯ ಹೆಸರು ಬರುತ್ತಾ? ವ್ಯಕ್ತಿಯ ಹೆಸರು ಬಂದರೆ ಅಲ್ಲೇ ನಿಲ್ಲಿಸಿ.

– ತೆರಿಗೆ ರಿಯಾಯಿತಿ ಬೇಕಿದ್ದರೆ 80ಜಿ ಮಾನ್ಯತೆ ಕೇಳಿ. 2,000 ರೂ. ಮೀರಿದ ನಗದು ದೇಣಿಗೆಗೆ ರಿಯಾಯಿತಿ ಇಲ್ಲ. ಬ್ಯಾಂಕ್ ಮೂಲಕವೇ ಕೊಡಿ.

– ನೀತಿ ಆಯೋಗದ ‘ದರ್ಪಣ್’ ಪಟ್ಟಿಯಲ್ಲಿ ಸಂಸ್ಥೆ ಹೆಸರು ಇದೆಯಾ ಅಂತ ಮೊಬೈಲ್‌ನಲ್ಲೇ ನೋಡಬಹುದು. ಆದರೆ ಆ ಪಟ್ಟಿಯಲ್ಲಿ ಇದ್ದ ಮಾತ್ರಕ್ಕೆ ಕೆಲಸ ಚೆನ್ನಾಗಿದೆ ಅಂತ ಸರ್ಕಾರ ಸರ್ಟಿಫಿಕೇಟ್ ಕೊಟ್ಟ ಹಾಗಲ್ಲ.

– ಮಗುವಿನ ಅಥವಾ ರೋಗಿಯ ಫೋಟೊ ತೋರಿಸಿ ದುಡ್ಡು ಕೇಳಿದರೆ ಅವರು ಯಾವ ಆಸ್ಪತ್ರೆಯಲ್ಲಿದ್ದಾರೆ ಅಂತ ಕೇಳಿ, ನೇರವಾಗಿ ಆಸ್ಪತ್ರೆ ಖಾತೆಗೇ ಹಾಕಿ.

ದಾಖಲೆ ಕೇಳಿದರೆ ಸರಿಯಾದ ಸಂಸ್ಥೆಯವರು ಬೇಜಾರು ಮಾಡಿಕೊಳ್ಳಲ್ಲ.

ಶಿಬಿರ ಮುಗಿದ ಮೇಲೆ ಯಾರು?

ಹಳ್ಳಿಗೆ ಬ್ಯಾನರ್ ಕಟ್ಟಿಕೊಂಡು ಬರುವ ಶಿಬಿರಗಳಿಗೆ ಕೊರತೆ ಇಲ್ಲ. ಒಂದು ದಿನ ತಪಾಸಣೆ, ಫೋಟೊ, ಊಟ. ಮೂರು ತಿಂಗಳಿಗೆ ಕೃತಕ ಕಾಲಿನ ಬೆಲ್ಟ್ ಹರಿದರೆ, ಶ್ರವಣ ಯಂತ್ರದ ಬ್ಯಾಟರಿ ಮುಗಿದರೆ, ಮಾತ್ರೆಯಿಂದ ತಲೆಸುತ್ತು ಬಂದರೆ ಯಾರನ್ನು ಕೇಳೋದು? ಬೆಳೆಯುವ ಮಗುವಿಗೆ ಕ್ಯಾಲಿಪರ್ ಕೆಲವೇ ತಿಂಗಳಲ್ಲಿ ಚಿಕ್ಕದಾಗುತ್ತೆ. ಮಾನಸಿಕ ಕಾಯಿಲೆಯ ಮಾತ್ರೆ ವರ್ಷಗಟ್ಟಲೆ ಬೇಕಾಗಬಹುದು. ಹಾಗಾಗಿ ಒಂದು ಸಂಸ್ಥೆ ಒಳ್ಳೇದಾ ಅಂತ ಅಳೆಯೋಕೆ ಅದು ಎಷ್ಟು ಹಂಚಿತು ಅಂತ ನೋಡಿದರೆ ಸಾಲದು, ಮತ್ತೆ ಬಂತಾ ಅಂತ ನೋಡಬೇಕು.

ಯಾವುದೇ ಶಿಬಿರಕ್ಕೆ ಹೋದರೂ ಮೂರು ಪ್ರಶ್ನೆ ಕೇಳಿ: ಮತ್ತೆ ಯಾವಾಗ ಬರ್ತೀರಿ? ರಿಪೇರಿ ಎಲ್ಲಿ? ನಮ್ಮ ಪಂಚಾಯಿತಿ ವಿಆರ್‌ಡಬ್ಲ್ಯು ಹತ್ರ ನಮ್ಮ ಹೆಸರು ಬರೆಸಿದ್ದೀರಾ? ಮೂರನೇದಕ್ಕೆ ಹೌದು ಅಂದರೆ ಮುಂದೆ ಕೇಳೋಕೆ ಊರಲ್ಲೇ ಒಬ್ಬರು ಇದ್ದ ಹಾಗಾಯ್ತು. ಶಿಬಿರಕ್ಕೆ ಛತ್ರ, ಊಟ, ಶಾಮಿಯಾನ ಕೊಡುವ ಅಂಗಡಿಯವರು, ಸಂಘದವರೂ ಇದೇ ಷರತ್ತು ಹಾಕಬಹುದು.

ಬರೆದಿಟ್ಟುಕೊಳ್ಳಿ

ಮಾನಸಿಕ ಆರೋಗ್ಯ ಸಲಹೆ (ಟೆಲಿ ಮಾನಸ್): 14416
ಆರೋಗ್ಯ ಸಹಾಯವಾಣಿ: 104
ಆಂಬುಲೆನ್ಸ್: 108
ಮಕ್ಕಳ ಸಹಾಯವಾಣಿ: 1098
ಹಿರಿಯ ನಾಗರಿಕರು: 14567
ಮಹಿಳಾ ಸಹಾಯವಾಣಿ: 181
ಉಚಿತ ಕಾನೂನು ನೆರವು: 15100

ಮಾಸಾಶನ, ಸಾಧನ ಸಲಕರಣೆಯ ದೂರುಗಳಿಗೆ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿ ಚಿಕ್ಕಬಳ್ಳಾಪುರದಲ್ಲಿದೆ. ಅಲ್ಲೂ ಆಗದಿದ್ದರೆ ಬೆಂಗಳೂರಿನಲ್ಲಿ ರಾಜ್ಯ ವಿಕಲಚೇತನರ ಆಯುಕ್ತರಿಗೆ ಬರೆದು ಕೊಡಬಹುದು. ಎಲ್ಲಿಗೆ ಅರ್ಜಿ ಕೊಟ್ಟರೂ ಒಂದು ಜೆರಾಕ್ಸ್ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಂಡು, ತಾರೀಖು ಬರೆದು ಇಟ್ಟುಕೊಳ್ಳಿ. ಮೂಲ ದಾಖಲೆಗಳನ್ನು, ಒಟಿಪಿಯನ್ನು ಯಾರ ಕೈಗೂ ಕೊಡಬೇಡಿ.

ಅಂಗಡಿಯವರು ಈ ನಂಬರ್‌ಗಳನ್ನು ಒಂದು ಹಾಳೆಯಲ್ಲಿ ಬರೆದು ಗಲ್ಲಾಪೆಟ್ಟಿಗೆ ಪಕ್ಕ ಅಂಟಿಸಿಕೊಂಡರೆ, ಮುಂದಿನ ಸಲ ಯಾರಾದರೂ ‘ಅಣ್ಣಾ, ಇಲ್ಲಿ ಸಹಾಯ ಮಾಡೋರು ಯಾರಾದ್ರೂ ಇದ್ದಾರಾ’ ಅಂತ ಕೇಳಿದಾಗ ತೋರಿಸಬಹುದು.